ಬಿಕ್ಕಳಿಕೆಯಿಲ್ಲದ ಅಂಗಡಿ

ನಮ್ಮೂರಿನಲ್ಲಿ ಸುಳ್ಳು ಹೇಳಿದವರಿಗೆ ಬಿಕ್ಕಳಿಕೆ ಬರುತ್ತದೆ. ದೊಡ್ಡ ಸುಳ್ಳಿಗೆ ದೊಡ್ಡದು, ಸಣ್ಣ ಸುಳ್ಳಿಗೆ ಸಣ್ಣದು, ಬರುವುದಂತೂ ಬಂದೇ ಬರುತ್ತದೆ. ನೀರು ಕುಡಿದರೆ, ಉಸಿರು ಬಿಗಿಹಿಡಿದರೆ, ಸಕ್ಕರೆ ಚಪ್ಪರಿಸಿದರೆ ನಿಲ್ಲುವಂಥದ್ದಲ್ಲ. ಯಾಕೆ ಹೀಗೆ ಅಂತ ಕೇಳಬೇಡಿ. ನಿಮ್ಮೂರಿನ ಬಾವಿನೀರು ಯಾಕೆ ಸಪ್ಪೆ ಅಂತ ನಾನು ಕೇಳಿದ್ದೇನೆಯೇ? ಇದರಿಂದಾಗಿ ನಮ್ಮ ಪೇಟೆಬೀದಿ ಬಲು ಮೌನದ ಬೀದಿ. ಅಂಗಡಿಗಳಲ್ಲಿ ರೇಡಿಯೋ ಹಾಕುವಂತಿಲ್ಲ, ಗಾಡಿಗಳು ಹಾರ್ನ್ ಹೊಡೆಯುವಂತಿಲ್ಲ. ಗಿರಾಕಿ "ಬಣ್ಣ ಬಿಡಲ್ವಾ?" ಎಂದು ಕೇಳಿ, ಕತ್ತು ಮುಂದೆ ಚಾಚಿ ಕಾಯುತ್ತಾನೆ. ಅಂಗಡಿಯವನು "ಬಿಡಲ್ಲ" ಎಂದು ಹೇಳಿ ಸುಮ್ಮನೆ ಕೂತಿದ್ದರೆ ವ್ಯಾಪಾರ ಕುದುರಿತು. "ಬಿಡಲ್ಲ, ಹಿಕ್" ಅಂದನೋ, ಗಿರಾಕಿ ಪಕ್ಕದ ಅಂಗಡಿಗೆ ನಡೆದ. ಜಗಳವಿಲ್ಲ, ಪಂಚಾಯ್ತಿಯಿಲ್ಲ. ಬಿಕ್ಕಳಿಕೆ ಕೇಳಿದ ಮೇಲೆ ಅಲ್ಲಿ ನಿಂತು ಇನ್ನೊಂದು ಮಾತು ಕೇಳಿಸಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ ಅಂತ ನಮ್ಮ ಹಿರಿಯರು ಮಾಡಿಟ್ಟಿದ್ದಾರೆ.

ಬರೆದ ಸುಳ್ಳಿಗೆ ಬಿಕ್ಕಳಿಕೆ ಬರುವುದಿಲ್ಲ. ಹಾಗಾಗಿ ನಮ್ಮವರು ಬೋರ್ಡು, ಚೀಟಿ, ಜಾಹೀರಾತು ಯಾವುದನ್ನೂ ನಂಬುವುದಿಲ್ಲ, ನಂಬದ್ದನ್ನು ಓದುವುದೂ ಇಲ್ಲ. ಇನ್ನು ಕತ್ತು ಅಲ್ಲಾಡಿಸಿದರೂ ಬಿಕ್ಕಳಿಕೆ ಬರುವುದಿಲ್ಲ. ಸಾರು ಚೆನ್ನಾಗಿದೆಯಾ ಅಂದರೆ ಕತ್ತು, ಈ ಸೀರೆ ನನಗೆ ಒಪ್ಪುತ್ತಾ ಅಂದರೆ ಕತ್ತು. ನಮ್ಮೂರಿನ ಅರ್ಧ ಸಂಸಾರಗಳು ನಿಂತಿರುವುದೇ ಕತ್ತಿನ ಮೇಲೆ.

ನನ್ನ ಅಣ್ಣ ಶಿವರುದ್ರ ಊರ ಹೊರಗೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಗದ್ದಲವಾಗುತ್ತದೆಂದು ಊರೊಳಗೆ ಗಿರಣಿಗೆ ಜಾಗ ಕೊಡಲಿಲ್ಲ. ಆದರೆ ಆ ಗದ್ದಲವೇ ಅವನಿಗೆ ಲಕ್ಷ್ಮಿಯಾಯಿತು. ಸುಳ್ಳು ಹೇಳಲೇಬೇಕಾದ ಪ್ರಸಂಗ ಬಂದವರೆಲ್ಲ ಒಂದು ಸೇರು ರಾಗಿ ಹಿಡಿದು ಅಲ್ಲಿಗೆ ಬರುತ್ತಿದ್ದರು. ಬೀಗರನ್ನು ಒಪ್ಪಿಸಬೇಕಾದವರು, ಹೆಂಡತಿಯನ್ನು ಸಮಾಧಾನ ಮಾಡಬೇಕಾದವರು, ಎಲ್ಲರೂ ಬೆಲ್ಟಿನ ಪಕ್ಕದಲ್ಲೇ ನಿಂತು ಮಾತಾಡಿ, ಬಿಕ್ಕಳಿಸಿ, ಹಿಟ್ಟು ಹೊತ್ತುಕೊಂಡು ನಗುನಗುತ್ತ ಹೋಗುತ್ತಿದ್ದರು. ಊರಿನವರ ಸುಳ್ಳಿಗೆಲ್ಲ ಮರೆ ಕೊಟ್ಟ ಆ ಗದ್ದಲ ಕೊನೆಗೆ ಅಣ್ಣನ ಕಿವಿಯನ್ನೇ ತಿಂದಿತು. ಮೊದಲು ಎಡಗಿವಿ ಹೋಯಿತು. ಬಲಗಿವಿ ಹೋಗುತ್ತಲಿತ್ತು.

ಅತ್ತಿಗೆ ಸರ್ವಮಂಗಳ ಮಾತಿನ ಮಲ್ಲಿ. ನಮ್ಮ ಮನೆ ಗೋಡೆಗೆ ಅವರ ಮನೆ ಗೋಡೆ ಅಂಟಿಕೊಂಡಿದ್ದರಿಂದ ನನಗೆ ಇದು ಬೇರೆಯವರು ಹೇಳಿ ತಿಳಿದದ್ದಲ್ಲ. ಗಿರಣಿ ಮುಚ್ಚಿ ಅಣ್ಣ ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತನೆಂದರೆ ಅತ್ತಿಗೆಯ ವಾರ್ತೆ ಶುರು. ಯಾರ ಮನೆಯ ಎಮ್ಮೆ ಯಾರ ಹಿತ್ತಲಿಗೆ ನುಗ್ಗಿತು, ಯಾವ ಗೌಡತಿ ಯಾವ ಸೀರೆ ಕೊಂಡಳು, ಕೊಳ್ಳುವಾಗ ಅಂಗಡಿಯವನು ಎಷ್ಟು ಬಿಕ್ಕಳಿಸಿದ. ಅಣ್ಣ ನಡುನಡುವೆ "ಹೌದಾ!" "ಆಮೇಲೆ?" ಅನ್ನುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ಅದೇ ಹಬ್ಬ, ಅದೇ ಹೋಳಿಗೆ. ಕಿವಿ ಮಂದವಾದ ಮೇಲೆ "ಆಮೇಲೆ" ನಿಂತುಹೋಯಿತು. ಅತ್ತಿಗೆ ಗಂಟಲು ಹರಿದುಕೊಂಡು ಹೇಳುವಳು, ಅರ್ಧಕ್ಕೇ ಸುಸ್ತಾಗಿ ಬಿಡುವಳು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ನನಗಂದಳು, "ನಿಮ್ಮಣ್ಣಂಗೆ ಕಿವಿ ಹೋದ್ರೆ ನಂಗೆ ಬಾಯಿ ಹೋದಂಗೆ ಕಣೆ. ಗೋಡೆಗೆ ಹೇಳ್ಕೊಂಡು ಎಷ್ಟು ದಿನ ಬಾಳಲಿ?"

ಪೇಟೆಯಲ್ಲಿ ಮುರಿಗೆಪ್ಪನ ಕನ್ನಡಕದ ಅಂಗಡಿಯಿದೆ. ಕಿವಿ ಪರೀಕ್ಷೆ ಮಾಡಿ ಕೇಳಿಸುವ ಮಿಷನ್ನನ್ನೂ ಅವನೇ ಕೊಡುತ್ತಾನೆ. ಬೇಸಿಗೆ ಕಳೆಯುವ ಹೊತ್ತಿಗೆ ಅತ್ತಿಗೆ ಅಣ್ಣನನ್ನು ಹೊರಡಿಸಿದಳು, ಜೊತೆಗೆ ನಾನೂ ಹೋದೆ. ಮುರಿಗೆಪ್ಪ ಅಣ್ಣನ ತಲೆಗೆ ಯಂತ್ರ ಸಿಕ್ಕಿಸಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಲು ಹೇಳಿದ. ಅಣ್ಣ ಅಲ್ಲೊಮ್ಮೆ ಇಲ್ಲೊಮ್ಮೆ ಬೆರಳೆತ್ತಿದ.

"ಬಲಗಿವೀಲಿ ಇನ್ನೂ ಸ್ವಲ್ಪ ಉಳ್ದೈತೆ ತಂಗಿ. ಈಗ್ಲೇ ಮಿಷನ್ ಹಾಕಿದ್ರೆ ಕೆಲಸಕ್ಕೆ ಬರ್ತದೆ," ಅಂದ ಮುರಿಗೆಪ್ಪ. ನಾವು ಕಾದೆವು. ಬಿಕ್ಕಳಿಕೆ ಬರಲಿಲ್ಲ. ಅತ್ತಿಗೆ ಸೆರಗಿನ ಗಂಟಿಗೆ ಕೈ ಹಾಕಿದಳು. ಅಷ್ಟಕ್ಕೇ ಕೊಂಡು ಬಂದುಬಿಡಬಾರದಿತ್ತೇ! ಆದರೆ ಆಸೆ ಅನ್ನುವುದು ಒಂದು ಮಾತಿಗೆ ತೃಪ್ತಿಪಡುವಂಥದ್ದಲ್ಲ.

"ಮೊದಲಿನಂಗೇ ಕೇಳ್ತದಾ ಮುರಿಗೆಪ್ಪಣ್ಣ? ನಾನು ಅಡುಗೆಮನೇಲಿ ಗೊಣಗಿದ್ರೂ ಪಡಸಾಲೇಲಿ ಕೇಳ್ತಿತ್ತು ಇವ್ರಿಗೆ. ಹಂಗೆ ಕೇಳ್ತದಾ?"

ಮುರಿಗೆಪ್ಪ ಅವಳ ಮುಖ ನೋಡಿದ. ಅವನದು ಮೆತ್ತನೆ ಮನಸ್ಸು, ವ್ಯಾಪಾರಕ್ಕೆ ಹೇಳಿಸಿದ್ದಲ್ಲ. "ಕೇಳ್ತದೆ ತಂಗಿ, ಮೊದಲಿನಂಗೇ..." ಅಂದ. ಹಿಕ್.

ಅತ್ತಿಗೆ ಎದ್ದು ನಿಂತಳು. "ಅಲ್ಲ ತಂಗಿ, ಮೊದಲಿನಷ್ಟು ಅಲ್ದಿದ್ರೂ ಎದುರು ಕೂತು..." ಅಂತ ಮುರಿಗೆಪ್ಪ ಹೇಳುತ್ತಲೇ ಇದ್ದ. ಬಿಕ್ಕಳಿಕೆ ಕೇಳಿದ ಮೇಲೆ ಇನ್ನೇನು ಮಾತು? ಅವಳು ಅಣ್ಣನ ತೋಳು ಹಿಡಿದು ಮೆಟ್ಟಿಲಿಳಿದುಬಿಟ್ಟಳು. ದಾರಿಯುದ್ದಕ್ಕೂ ಅವಳು ಗೊಣಗಿದ್ದೇ ಗೊಣಗಿದ್ದು: ಬಡ್ಡೀಮಗ, ಮಿಷನ್ನೇ ಕೆಲಸಕ್ಕೆ ಬಾರದ್ದಿರಬೇಕು, ಅದಕ್ಕೇ ಬಿಕ್ಕಳಿಸಿದ.

ಅವಳ ಮೊಬೈಲಿನಲ್ಲಿ ಇನ್ನೊಂದು ಅಂಗಡಿ ಕಾಣಿಸಿಕೊಂಡದ್ದು ಅದಾದ ಸ್ವಲ್ಪ ದಿನಕ್ಕೆ. ಹೋಳಿಗೆ ಮಾಡುವ ವಿಡಿಯೋ ನೋಡುತ್ತಿದ್ದಳಂತೆ, ನಡುವೆ ಬಿಳಿಗಡ್ಡದ ಮುದುಕನೊಬ್ಬ ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ಮೊಮ್ಮಗುವಿನ ನಗು ಕೇಳಿ ಕಣ್ಣೊರೆಸಿಕೊಂಡನಂತೆ. ಬೆಲೆ ನೋಡಿದರೆ ಮುರಿಗೆಪ್ಪನ ಮಿಷನ್ನಿನ ಹತ್ತನೇ ಒಂದು ಪಾಲೂ ಇಲ್ಲ. ಮೂಲೆಯಲ್ಲಿ ಗಡಿಯಾರವೊಂದು ಟಿಕಟಿಕ ಅಂತ ಇಳಿಯುತ್ತಾ, ಇಷ್ಟರೊಳಗೆ ಕೊಂಡರೆ ಮಾತ್ರ ಈ ಬೆಲೆ ಅನ್ನುತ್ತಿತ್ತು. ಅತ್ತಿಗೆ ನಮ್ಮ ಮನೆಗೆ ಓಡಿ ಬಂದಳು.

ನಮ್ಮನೆಯವರು, ಪಾಲಾಕ್ಷ, ಹೊರಗಿನಿಂದ ಮನೆಯಳಿಯನಾಗಿ ಬಂದವರು. ಬಂದ ಹೊಸದರಲ್ಲಿ ಮಾವನ ಮನೆಯ ಊಟವನ್ನು ಹೊಗಳಲು ಹೋಗಿ ಇಡೀ ಮಧ್ಯಾಹ್ನ ಬಿಕ್ಕಳಿಸಿದ ಪುಣ್ಯಾತ್ಮರು. ಅವರು ಮೊಬೈಲ್ ಇಸಿದುಕೊಂಡು ಮೇಲಿಂದ ಕೆಳಗೆ ಉಜ್ಜಿ ಉಜ್ಜಿ ನೋಡಿದರು.

"ಅಕ್ಕಾ, ಇದು ಯಾಕೋ ಸರಿ ಕಾಣ್ತಿಲ್ಲ. ದೊಡ್ಡ ಕಂಪನಿ ಹೆಸರಿಗೆ ಬಾಲ ಸೇರಿಸಿ ಇಟ್ಕೊಂಡವ್ರೆ. ವಿಳಾಸ ಅಂತ ಊರು ಐತೆ, ಬೀದಿ ಇಲ್ಲ. ಸಾಮಾನು ಬಂದ್ಮೇಲೆ ದುಡ್ಡು ಕೊಡ್ತೀನಿ ಅನ್ನೋಕೆ ದಾರಿ ಇಲ್ಲ, ಪೂರ್ತಿ ಮೊದಲೇ ಕಟ್ಬೇಕಂತೆ. ವಾಪಸ್ ಕೊಡೋ ವಿಚಾರ ಎಲ್ಲೂ ಬರ್ದಿಲ್ಲ. ಹೊಗಳಿರೋರೆಲ್ಲ ಒಂದೇ ದಿನ ಹೊಗಳವ್ರೆ."

"ಬರ್ದಿದ್ದೆಲ್ಲ ಯಾಕೆ ಓದ್ತೀರಾ ಪಾಲಾಕ್ಷಣ್ಣ?" ಅಂದಳು ಅತ್ತಿಗೆ, ಎಳೆಮಗುವಿಗೆ ಹೇಳುವ ಹಾಗೆ. "ಬರ್ದಿದ್ದನ್ನ ನಾನೂ ನಂಬಲ್ಲ. ಕೆಳಗೆ ನಂಬರ್ ಐತೆ. ಫೋನ್ ಹಚ್ಚಿ ಬಾಯಲ್ಲೇ ಕೇಳಾಣ."

ಹಚ್ಚಿದಳು. ಸ್ಪೀಕರಿಗೂ ಹಾಕಿದಳು. ನಾನು ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ. "ನಮಸ್ಕಾರ ಮೇಡಂ" ಅಂತು ಒಂದು ದನಿ. ಆಹಾ, ಎಂಥ ದನಿ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನವಿರು. ಮಿಷನ್ ಅಸಲಿಯೇ? ನೂರಕ್ಕೆ ನೂರು ಅಸಲಿ ಮೇಡಂ. ನಾವು ಉಸಿರು ಬಿಗಿಹಿಡಿದು ಕಾದೆವು. ಏನೂ ಇಲ್ಲ. ಯಜಮಾನರಿಗೆ ಮೊದಲಿನ ಹಾಗೇ ಕೇಳುತ್ತದೆಯೇ? ಮೊದಲಿಗಿಂತ ಚೆನ್ನಾಗಿ ಕೇಳುತ್ತೆ ಮೇಡಂ, ನೀವು ಪಕ್ಕದ ರೂಮಲ್ಲಿ ಪಿಸುಗುಟ್ಟಿದರೂ ಕೇಳುತ್ತೆ. ಗೋಡೆಯ ಮೇಲಿನ ಹಲ್ಲಿಯೂ ಲೊಚಗುಟ್ಟಲಿಲ್ಲ. ಬಿಕ್ಕಳಿಕೆಯ ಸುಳಿವೇ ಇಲ್ಲ.

ಅತ್ತಿಗೆಯ ಕಣ್ಣು ತುಂಬಿಬಂತು. ಡಾಕ್ಟರಿರಲಿ, ಮುರಿಗೆಪ್ಪನಿರಲಿ, ಒಡಹುಟ್ಟಿದವರಿರಲಿ, ನಮ್ಮೂರಿನಲ್ಲಿ ಯಾರಿಂದಲೂ ಅವಳಿಗೆ "ಎಲ್ಲ ಸರಿಹೋಗ್ತದೆ ಬಿಡು" ಅನ್ನುವ ಒಂದು ಮಾತನ್ನು ಬಿಕ್ಕಳಿಸದೆ ಹೇಳಲಾಗಿರಲಿಲ್ಲ. ಬೇರೆ ಊರುಗಳಲ್ಲಿ ಅಂಥ ಮಾತು ಬೀದಿಬೀದಿಯಲ್ಲಿ ಸಿಗುತ್ತದಂತೆ, ಅದಕ್ಕೇ ಅಲ್ಲಿಯವರಿಗೆ ಅದರ ಬೆಲೆ ಗೊತ್ತಿಲ್ಲ. ನಾವು ಅದಕ್ಕೆ ಹಸಿದ ಜನ.

"ಅಕ್ಕಾ, ಅವನು ಎಲ್ಲೋ ಕೂತವ್ನೆ. ಈ ಮಣ್ಣಿನ ಮೇಲಿಲ್ಲ," ಅಂದರು ನಮ್ಮನೆಯವರು. "ನಮ್ಮೂರಲ್ಲಿದ್ದಾಗ ನಾನು ಎಷ್ಟು ಸುಳ್ಳು ಹೇಳಿದ್ರೂ ಒಂದಿನ ಬಿಕ್ಕಳಿಸಿರ್ಲಿಲ್ಲ."

"ನಿಮ್ಮೂರೋರು ಸರಿಯಾಗಿ ಕೇಳಿಸ್ಕೊಂಡಿರಲ್ಲ. ಸುಳ್ಳು ಅಂದ್ಮೇಲೆ ಎಲ್ಲಿದ್ರೂ ಸುಳ್ಳೇ."

"ನಿಮ್ಮೂರೋರಿಗೆ ಕಿವಿ ಮಾತ್ರ ಐತೆ ಅಕ್ಕಾ, ಕಣ್ಣಿಲ್ಲ. ದುಡ್ಡು ಕಟ್ಬೇಡಿ. ಬೇಕಾದ್ರೆ ನಾನೇ ಮುರಿಗೆಪ್ಪನ ಹತ್ರ ಬರ್ತೀನಿ."

ಅತ್ತಿಗೆ ಸ್ವಲ್ಪ ಅಳುಕಿದಳು. ಮೊಬೈಲನ್ನು ಕೆಳಗಿಟ್ಟಳು ಕೂಡ. "ಹಂಗಾದ್ರೆ ಇದು ಖಂಡಿತ ಮೋಸದ ಅಂಗಡೀನಾ? ನೀವೇ ಹೇಳಿಬಿಡಿ."

ನಮ್ಮನೆಯವರಿಗೆ ಅನುಮಾನವಿತ್ತೇ ಹೊರತು ಖಾತ್ರಿಯಿರಲಿಲ್ಲ. ಆ ಅಂಗಡಿಯನ್ನು ಅವರೇನು ಕಂಡವರೇ? ಅನುಮಾನ ಅಂತ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಕ್ಕ ಹಳ್ಳಕ್ಕೆ ಬೀಳಬಾರದೆನ್ನುವ ಅವಸರದಲ್ಲಿ ಮನುಷ್ಯ, "ಖಂಡಿತ ಮೋಸ. ನೂರಕ್ಕೆ ನೂರು..." ಅಂದುಬಿಟ್ಟರು. ಹಿಕ್. ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಮತ್ತೆ ಹಿಕ್. ಖಾತ್ರಿಯಿಲ್ಲದ್ದನ್ನು ಖಂಡಿತ ಅಂದರೆ ನಮ್ಮೂರಿನ ಬಿಕ್ಕಳಿಕೆಗೆ ಅದೂ ಸುಳ್ಳೇ. ಅತ್ತಿಗೆ ಅವರನ್ನು ಮರುಕದಿಂದ ನೋಡಿ, ಮೊಬೈಲ್ ಎತ್ತಿಕೊಂಡು ಅಲ್ಲೇ ದುಡ್ಡು ಕಟ್ಟಿದಳು.

ಪಾರ್ಸಲ್ ಬಂತು. ಬರುವುದೇ ಇಲ್ಲ ಅಂದುಕೊಂಡಿದ್ದ ನಮ್ಮನೆಯವರ ಮುಖ ಸಪ್ಪಗಾಯಿತು. ಮಖಮಲ್ಲಿನ ಪೆಟ್ಟಿಗೆ, ಒಳಗೆ ಕಡಲೆಬೀಜದ ಗಾತ್ರದ ಮಿಷನ್, ಅದರ ತುದಿಯಲ್ಲಿ ಮಿಣುಕುವ ಕೆಂಪು ದೀಪ. ಅತ್ತಿಗೆ ಅಣ್ಣನನ್ನು ಕೂರಿಸಿ, ಬಲಗಿವಿಗೆ ಅದನ್ನು ಸಿಕ್ಕಿಸಿ, ಎದುರು ಮಂಡಿಯೂರಿ, "ಕೇಳ್ತದಾ?" ಅಂದಳು. ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದೆವು.

ಅಣ್ಣ ಅವಳ ಮುಖವನ್ನೇ ನೋಡಿದ. ಆಮೇಲೆ ದೊಡ್ಡದಾಗಿ ಕತ್ತು ಅಲ್ಲಾಡಿಸಿದ.

ಆ ದಿನ ಇಡೀ ಬೀದಿಗೆ ಶಾವಿಗೆ ಪಾಯಸ. ಮರುದಿನದಿಂದ ಅತ್ತಿಗೆಯ ವಾರ್ತೆ ಮತ್ತೆ ಶುರುವಾಯಿತು, ಮಳೆಗಾಲವಿಡೀ ನಡೆಯಿತು. ಎಮ್ಮೆ, ಹಿತ್ತಲು, ಗೌಡತಿ, ಸೀರೆ. ಅಣ್ಣ ಎದುರು ಕೂತು, ಅವಳು ನಕ್ಕಲ್ಲಿ ನಗುತ್ತಿದ್ದ, ಅವಳು ಹುಬ್ಬು ಗಂಟಿಕ್ಕಿದಲ್ಲಿ ತಾನೂ ಗಂಟಿಕ್ಕುತ್ತಿದ್ದ. ಅಷ್ಟು ವರ್ಷ ಬಾಳಿದವನಿಗೆ ಹೆಂಡತಿಯ ಮುಖ ಓದುವುದು ಕಷ್ಟವೇ? ಆದರೆ "ಆಮೇಲೆ?" ಅಂತ ಅವನು ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ. ಅತ್ತಿಗೆಗೂ ಒಮ್ಮೊಮ್ಮೆ ಏನೋ ಕುಟುಕುತ್ತಿತ್ತೆಂದು ಕಾಣುತ್ತದೆ. ನಂಬರಿಗೆ ಫೋನ್ ಮಾಡಿದಳು. ಕಿವಿ ಒಗ್ಗಬೇಕು ಮೇಡಂ, ನಿಧಾನಕ್ಕೆ ಒಗ್ಗುತ್ತೆ ಅಂತು ಆ ಬೆಣ್ಣೆ ದನಿ, ಬಿಕ್ಕಳಿಸದೆ. ಇನ್ನೊಮ್ಮೆ ಮಾಡಿದಾಗ ನಂಬರೇ ಚಾಲ್ತಿಯಲ್ಲಿರಲಿಲ್ಲ. ಮೊಬೈಲಿನಲ್ಲಿ ಅಂಗಡಿಯನ್ನು ಹುಡುಕಿದರೆ ಬರೀ ಬಿಳಿ ಪುಟ. "ಅಷ್ಟು ಅಗ್ಗಕ್ಕೆ ಕೊಟ್ರೆ ಪಾಪ, ದಿವಾಳಿ ಆಗದೆ ಇನ್ನೇನು?" ಅಂತ ನನ್ನ ಹತ್ತಿರ ಮರುಗಿದಳು. ಆ ಅಂಗಡಿಯವನ ಮೇಲೆ ಅವಳಿಗಿದ್ದ ಕನಿಕರದಲ್ಲಿ ಒಂದು ಚೂರು ಮುರಿಗೆಪ್ಪನ ಮೇಲಿದ್ದಿದ್ದರೆ! ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಅಂದಿಲ್ಲ. ಪೇಟೆಯಲ್ಲಿ ಅವನು ಎದುರಾದರೆ ಅವಳು ಬೀದಿಯ ಆಚೆ ಬದಿಗೆ ದಾಟಿ ಹೋಗುತ್ತಿದ್ದಳು.

ಅವರೆಕಾಯಿ ಸೊಗಡು ಬೀದಿಗೆಲ್ಲ ಹರಡುವ ಕಾಲ ಬಂತು. ಒಂದು ಬೆಳಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಪಕ್ಕದ ಮನೆಯಿಂದ ಏನೋ ಧಡಾರನೆ ಬಿದ್ದ ಸದ್ದು, ಅದರ ಹಿಂದೆಯೇ ಅತ್ತಿಗೆಯ ಚೀರಾಟ. ಹಿಟ್ಟಿನ ಕೈಯಲ್ಲೇ ಓಡಿದೆ. ಅಟ್ಟದ ಮೇಲಿನ ಜಾಡಿ ತೆಗೆಯಲು ಹೋಗಿ ಸ್ಟೂಲು ಜಾರಿ ಅಡುಗೆಮನೆಯಲ್ಲಿ ಬಿದ್ದಿದ್ದಳು. ಉಪ್ಪಿನಕಾಯಿ ಜಾಡಿ ಚೂರುಚೂರು. ಮಣಿಕಟ್ಟು ಆಗಲೇ ಊದುತ್ತಿತ್ತು. "ರೀ, ಬನ್ರೀ, ರೀ!" ಅಂತ ಅವಳು ಕೂಗುತ್ತಲೇ ಇದ್ದಳು. ಅಣ್ಣ ಅಲ್ಲೇ, ಹೊಸ್ತಿಲಿನಾಚೆ, ಈ ಕಡೆ ಬೆನ್ನು ಹಾಕಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಕಿವಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಕಾಳುಗಳನ್ನು ಬಟ್ಟಲಿಗೆ ಹಾಕುತ್ತಾ ಅವನು ತನ್ನಷ್ಟಕ್ಕೆ ಸಣ್ಣಗೆ ನಗುತ್ತಿದ್ದ.

ಅತ್ತಿಗೆ ಕೂಗು ನಿಲ್ಲಿಸಿದಳು. ಅವನ ಬೆನ್ನನ್ನು ನೋಡುತ್ತಾ ನೆಲದ ಮೇಲೆ ಹಾಗೇ ಕೂತಳು. ನಾನು ಎಬ್ಬಿಸಲು ಹೋದರೆ ಬೇಡವೆಂದು ಕೈ ಕೊಡವಿಕೊಂಡಳು. ಆಮೇಲೆ ತಾನೇ ಎದ್ದು, ಅಣ್ಣನ ಎದುರಿಗೆ ಹೋಗಿ ಕೂತು, ಅವನ ಗಲ್ಲವನ್ನು ಗಟ್ಟಿಯಾಗಿ ಹಿಡಿದು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದಳು.

"ಒಂದಿನಾನಾದ್ರೂ ಕೇಳಿತ್ತಾ?"

ಅಣ್ಣ ಕತ್ತು ಅಲ್ಲಾಡಿಸಲು ನೋಡಿದ. ಅವಳು ಗಲ್ಲ ಬಿಡಲಿಲ್ಲ. "ಬಾಯಲ್ಲಿ ಹೇಳಿ."

"ಇಲ್ಲ," ಅಂದ ಅಣ್ಣ. ಬಿಕ್ಕಳಿಕೆ ಬರಲಿಲ್ಲ. "ನೀನು ಅಷ್ಟು ಖುಷಿಯಾಗಿದ್ದೆ. ಎಷ್ಟು ದಿನ ಆಗಿತ್ತು ನೀನು ಹಂಗೆ ನಕ್ಕು." ಅದಕ್ಕೂ ಬಿಕ್ಕಳಿಕೆ ಬರಲಿಲ್ಲ.

ನಮ್ಮನೆಯವರು ಬಂದು ಮಿಷನ್ನನ್ನು ಚಾಕುವಿನಿಂದ ಬಿಚ್ಚಿದರು. ಒಳಗೆ ಗುಂಡಿಯಷ್ಟು ಬ್ಯಾಟರಿ, ಆ ದೀಪ, ಅವೆರಡನ್ನು ಸೇರಿಸುವ ತಂತಿ. ಅಷ್ಟೇ. ನಾನು ಅವತ್ತೇ ಹೇಳಿರಲಿಲ್ಲವೇ ಅಂತ ಅವರು ಅನ್ನಬಹುದಿತ್ತು, ಅನ್ನಲಿಲ್ಲ. ಆ ಗುಣ ಅವರಲ್ಲಿದೆ. ಅತ್ತಿಗೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, "ಮುರಿಗೆಪ್ಪಣ್ಣನ ಹತ್ರ ಹೋಗಾಣ ನಡೀರಿ," ಅಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮುರಿಗೆಪ್ಪ ಯಾಕೆ ಬಂದಿರಿ, ಇಷ್ಟು ದಿನ ಎಲ್ಲಿದ್ದಿರಿ ಅಂತ ಒಂದು ಮಾತೂ ಕೇಳಲಿಲ್ಲ. ಕುರ್ಚಿ ಎಳೆದು ಅಣ್ಣನನ್ನು ಕೂರಿಸಿದ, ತಲೆಗೆ ಯಂತ್ರ ಸಿಕ್ಕಿಸಿದ, ಗುಂಡಿಯನ್ನು ತಿರುಗಿಸಿದ. ನಾವು ಅಣ್ಣನ ಬೆರಳನ್ನು ನೋಡುತ್ತಾ ನಿಂತೆವು. ಮುರಿಗೆಪ್ಪ ಇನ್ನಷ್ಟು ತಿರುಗಿಸಿದ. ಯಂತ್ರದ ಸದ್ದು ಪಕ್ಕದಲ್ಲಿ ನಿಂತ ನನಗೇ ಕೇಳಿಸತೊಡಗಿತು. ಬೆರಳು ತೊಡೆಯ ಮೇಲೆ ಹಾಗೇ ಇತ್ತು. ಬಲಗಿವಿಯಲ್ಲಿ ಉಳಿದಿದ್ದ ಅಷ್ಟಿಷ್ಟೂ ಆ ಮಳೆಗಾಲದಲ್ಲಿ ಸದ್ದಿಲ್ಲದೆ ಹೋಗಿಬಿಟ್ಟಿತ್ತು. ಮುರಿಗೆಪ್ಪ ಯಂತ್ರ ಆರಿಸಿ, ವೈರುಗಳನ್ನು ಬೇಕಾದ್ದಕ್ಕಿಂತ ಅಚ್ಚುಕಟ್ಟಾಗಿ ಸುತ್ತತೊಡಗಿದ.

"ಇನ್ನು ಮಿಷನ್ ಹಾಕಿ ಉಪಯೋಗ ಇಲ್ಲ ತಂಗಿ."

"ಗೊತ್ತಾಯ್ತು," ಅಂದಳು ಅತ್ತಿಗೆ. "ಮುರಿಗೆಪ್ಪಣ್ಣ, ಒಂದೇ ಮಾತು ಕೇಳ್ತೀನಿ. ಅವತ್ತು ನಿಮ್ಮ ಹತ್ರಾನೇ ಕೊಂಡಿದ್ರೆ, ಇವ್ರಿಗೆ ನನ್ನ ಮಾತು ಕೇಳ್ತಿತ್ತಾ?"

ಮುರಿಗೆಪ್ಪ ಇಲ್ಲವೆಂದು ತಲೆಯಾಡಿಸಿದ.

"ತಲೆ ಆಡಿಸ್ಬೇಡಿ. ಬಾಯಿಬಿಟ್ಟು ಹೇಳಿ."

ಅವನು ನಮ್ಮತ್ತ ನೋಡಿದ. ಯಾರಾದರೂ ಬಿಡಿಸಿಯಾರೆಂದು ನೋಡಿದನೇನೋ. ಆಮೇಲೆ ಎದೆತುಂಬ ಉಸಿರೆಳೆದುಕೊಂಡು, ಒಂದೇ ಗುಕ್ಕಿನಲ್ಲಿ ಅಂದ, "ಇಲ್ಲ ತಂಗಿ, ಅವತ್ತು ಕೊಂಡಿದ್ರೂ ಇಷ್ಟೇ ಆಗ್ತಿತ್ತು."

ತಡೆದ. ಕಣ್ಣು ಕೆಂಪಗಾಗುವ ತನಕ, ಕೊರಳಿನ ನರ ಉಬ್ಬುವ ತನಕ ತಡೆದ. ಬಂತು. ಹಿಕ್. ದೊಡ್ಡದು. ಎದುರಂಗಡಿಯ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಇತ್ತ ತಿರುಗಿ ನೋಡಿದರು. ವ್ಯಾಪಾರವೇ ಇಲ್ಲದ ಕಡೆ ಮುರಿಗೆಪ್ಪ ಯಾವ ಸುಳ್ಳು ಹೇಳಿದ ಅಂತ ಅವರಿಗೆ ಹೇಗೆ ತಿಳಿಯಬೇಕು?

ನಮ್ಮೂರಿನ ಮರ್ಯಾದೆಯ ಪ್ರಕಾರ ಅತ್ತಿಗೆ ಹೊರಟುಬಿಡಬೇಕಿತ್ತು. ಅವಳು ಹೊರಡಲಿಲ್ಲ. "ನೀವು ಒಳ್ಳೇವ್ರು ಮುರಿಗೆಪ್ಪಣ್ಣ," ಅಂದಳು, ಅಷ್ಟೇ. ಅವನು ಮುಖ ತಿರುಗಿಸಿಕೊಂಡು ಬಿಕ್ಕಳಿಸುತ್ತಲೇ ಇದ್ದ.

ಕುರ್ಚಿಯಲ್ಲಿದ್ದ ಅಣ್ಣ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿ, "ಏನಂದ?" ಅಂತ ಅತ್ತಿಗೆಯನ್ನು ಕೇಳಿದ.

ಅವಳು ಏನೂ ಇಲ್ಲವೆಂದು ಕತ್ತು ಅಲ್ಲಾಡಿಸಬಹುದಿತ್ತು. ಅಣ್ಣನೂ ಅದನ್ನು ನಂಬಿ ಎದ್ದು ಬರುತ್ತಿದ್ದ. ನನಗಂತೂ ಅವಳು ಹಾಗೇ ಮಾಡಲಿ ಅನ್ನಿಸಿತ್ತು. ಆದರೆ ಅತ್ತಿಗೆ ಅವನ ಎದುರು ಕೂತು, ಊದಿದ ಕೈಯನ್ನೂ ಸೇರಿಸಿ ಎರಡೂ ಕೈಯಲ್ಲಿ ಅವನ ಮುಖ ಹಿಡಿದು, ಹೇಳಿದಳು.

"ಅವತ್ತೇ ಕೊಂಡಿದ್ರೆ ನಿಮಗೆ ನನ್ನ ಮಾತು ಕೇಳ್ತಿತ್ತು. ನಾನೇ ಕಳೆದೆ."

ನಾವೆಲ್ಲ ಕಾದೆವು, ಅಭ್ಯಾಸಬಲ. ಬಿಕ್ಕಳಿಕೆ ಬರಲಿಲ್ಲ.

ಅಣ್ಣ ಅವಳ ತುಟಿಯನ್ನೇ ನೋಡುತ್ತಿದ್ದ. ಹಣೆ ಸುಕ್ಕುಗಟ್ಟಿತ್ತು. "ತಿಳೀಲಿಲ್ಲ ಕಣೆ," ಅಂದ. "ಇನ್ನೊಂದ್ಸಲ ಹೇಳು."

ಅತ್ತಿಗೆ ಇನ್ನೊಂದು ಸಲ ಹೇಳಿದಳು.